ಮೂರು ವರ್ಷ ಆಳಿದವನ ಎಂಟನೆಯ ವರ್ಷ

ಕಳೆದ ಶನಿವಾರ ಬೆಳಿಗ್ಗೆ ಸಿಡ್ನಿಯ ಹ್ಯಾರಿಸ್ ಪಾರ್ಕಿನ ದಿನಸಿ ಅಂಗಡಿಗೆ ಕರಿಬೇವು, ನುಗ್ಗೆಕಾಯಿ ತರಲು ಹೋಗಿದ್ದೆ. ಬಾಗಿಲ ಪಕ್ಕದಲ್ಲಿ ಆಗಷ್ಟೇ ಬಂದ ಕಿತ್ತಳೆಯ ಪೆಟ್ಟಿಗೆಗಳನ್ನು ಜೋಡಿಸಿದ್ದರು. ನಮ್ಮ ಕೊಡಗಿನ ಕಿತ್ತಳೆಯ ಹಾಗೆ ಸಿಪ್ಪೆ ಸಡಿಲವಾಗಿರುವ ಪುಟ್ಟ ಹಣ್ಣು. ಚಳಿಗಾಲ ಶುರುವಾಗುವ ಹೊತ್ತಿಗೆ ಇಲ್ಲಿನ ಎಲ್ಲ ಅಂಗಡಿಗಳಿಗೂ ಬರುತ್ತದೆ. ಮೇಲೆ ರಟ್ಟಿನ ತುಂಡಿನಲ್ಲಿ ಅದರ ಜಾತಿಯ ಹೆಸರು ಬರೆದು ಸಿಕ್ಕಿಸಿದ್ದರು: ‘ಇಂಪೀರಿಯಲ್ ಮ್ಯಾಂಡರಿನ್’. ಪಕ್ಕದಲ್ಲಿ ನಿಂತಿದ್ದ ಹೆಂಗಸು ಮಗುವಿಗೆಂದು ಒಂದು ಹಣ್ಣು ಸುಲಿದಳು. ಸಿಪ್ಪೆಯ ಎಣ್ಣೆ ಸಿಡಿದು ಮೂಗಿಗೆ ಬಡಿದ ಆ ವಾಸನೆಗೆ ನಾನು ನುಗ್ಗೆಕಾಯಿ ಹಿಡಿದುಕೊಂಡೇ ನಿಂತುಬಿಟ್ಟೆ. ಐದು ವರ್ಷದ ಹಿಂದೆ ಮೆಲ್ಬರ್ನಿನ ಒಂದು ಹಳೆಯ ಸ್ಮಶಾನದಲ್ಲಿ, ಜಿಟಿಜಿಟಿ ಮಳೆಯಲ್ಲಿ, ಲಿಯಾಂಗ್ ಅಂಕಲ್ ಕೋಟಿನ ಜೇಬಿನಿಂದ ಇದೇ ಹಣ್ಣು ತೆಗೆದುಕೊಟ್ಟು ಹೇಳಿದ್ದರು: “ಇಂಪೀರಿಯಲ್ ಅಂದರೆ ಚಕ್ರವರ್ತಿಯದು. ಮ್ಯಾಂಡರಿನ್ ಅಂದರೆ ಅವನ ಅಧಿಕಾರಿ. ಚೀನಾದಲ್ಲಿ ಇಬ್ಬರನ್ನೂ ಓಡಿಸಿ ನೂರು ವರ್ಷದ ಮೇಲಾಯಿತು. ಹಣ್ಣಿನಂಗಡಿಯವರಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ.”

ಆ ವರ್ಷ ಮೇ ತಿಂಗಳಲ್ಲಿ ಸಿಡ್ನಿಯಲ್ಲಿದ್ದ ನನ್ನ ಕಾಂಟ್ರ್ಯಾಕ್ಟ್ ಮುಗಿದಿತ್ತು. ಹೊಸದು ಸಿಕ್ಕಿದ್ದು ಮೆಲ್ಬರ್ನಿನಲ್ಲಿ, ನಾಲ್ಕು ತಿಂಗಳಿಗೆ. ಗಂಡ ಗಿರೀಶ ಮತ್ತು ಒಂಬತ್ತು ವರ್ಷದ ಮಗಳು ಇಂಚರಾಳನ್ನು ಪ್ಯಾರಮಟ್ಟಾದ ಮನೆಯಲ್ಲೇ ಬಿಟ್ಟು, ಎರಡು ಸೂಟ್‌ಕೇಸ್, ಒಂದು ಪುಟ್ಟ ಕುಕ್ಕರ್ ಹಿಡಿದು ಹೊರಟೆ. ಆಫೀಸು ಡಾಕ್‌ಲ್ಯಾಂಡ್ಸಿನ ಗಾಜಿನ ಕಟ್ಟಡವೊಂದರ ಹನ್ನೊಂದನೆಯ ಮಹಡಿಯಲ್ಲಿ. ಕೆಲಸ ಮಾತ್ರ ನೆಲದೊಳಗಿನದು. ಊರಂಚಿನ ಹಳೆಯ ಸ್ಮಶಾನವೊಂದರ ದಾಖಲೆಗಳನ್ನೆಲ್ಲ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಸಾಗಿಸಬೇಕಿತ್ತು. ಯಾರು ಬೇಕಾದರೂ ಮನೆಯಿಂದಲೇ ತಮ್ಮ ಅಜ್ಜ, ಮುತ್ತಜ್ಜಂದಿರ ಸಮಾಧಿ ಹುಡುಕಿಕೊಳ್ಳುವಂತೆ.

“ಸ್ಮಶಾನದ ಪ್ರಾಜೆಕ್ಟಾ? ಲೇ ವೀಣಾ, ನಮ್ಮಮ್ಮಂಗೆ ಮಾತ್ರ ಹೇಳ್ಬೇಡ ಮಾರಾಯ್ತಿ. ಬ್ಯಾಂಕ್ ಪ್ರಾಜೆಕ್ಟ್ ಅಂದ್ಬಿಡು,” ಅಂದ ಗಿರೀಶ.

ಇಂಚರಾ ವಿಡಿಯೋ ಕಾಲ್‌ನಲ್ಲಿ ಮುಖ ತೂರಿಸಿ, “ಅಮ್ಮಾ, ಆರ್ ದೇರ್ ಘೋಸ್ಟ್ಸ್ ಇನ್ ಯುವರ್ ಲ್ಯಾಪ್‌ಟಾಪ್?” ಅಂತ ಕೇಳಿದಳು.

ದೆವ್ವ ಇರಲಿಲ್ಲ. ಆದರೆ ಮೂರನೆಯ ವಾರದಲ್ಲಿ ಒಂದು ಸಾಲು ನನ್ನನ್ನು ಹಿಡಿದುಕೊಂಡಿತು.

ಸ್ಮಶಾನದ ಒಂದು ಮೂಲೆ ಚೀನೀಯರದು. ಹಿಂದೆ ಚಿನ್ನ ಅಗೆಯಲು ಬಂದವರು, ಆಮೇಲೆ ತರಕಾರಿ ಬೆಳೆದವರು, ಮರಗೆಲಸ ಮಾಡಿದವರು ಅಲ್ಲಿ ಮಲಗಿದ್ದಾರೆ. ಅವರ ಬಗ್ಗೆ ಎರಡು ಪಟ್ಟಿಗಳಿದ್ದವು. ಒಂದು, ಆಗಿನ ಗುಮಾಸ್ತರು ಇಂಗ್ಲಿಷಿನಲ್ಲಿ ಬರೆದಿಟ್ಟ ರಿಜಿಸ್ಟರು: ಹೂಳಿದ ದಿನ, ಕಸುಬು, ಕೊನೆಗೆ ಇದ್ದ ವಿಳಾಸ, ಮತ್ತು ಗುಮಾಸ್ತನ ಕಿವಿಗೆ ಬಿದ್ದಂಥ ಹೆಸರು. ಚೀನೀಯರು ಸಲಿಗೆಯಿಂದ ಹೆಸರಿನ ಮುಂದೆ ಸೇರಿಸುವ ‘ಆ’ ಕೂಡ ಹೆಸರೇ ಆಗಿ, ಅದರಲ್ಲಿ ಅರ್ಧ ಜನ ‘ಆ ಅದು’, ‘ಆ ಇದು’ ಆಗಿದ್ದರು. ಇನ್ನೊಂದು, ಈಚೆಗೆ ಸ್ವಯಂಸೇವಕರು ಕಲ್ಲುಗಳ ಫೋಟೋ ತೆಗೆದು, ಮೇಲಿನ ಚೀನೀ ಬರಹವನ್ನು ಓದಿ ಮಾಡಿದ ಪಟ್ಟಿ. ಯಾವ ಕಲ್ಲು ರಿಜಿಸ್ಟರಿನ ಯಾವ ಹೆಸರಿನದು ಎಂದು ಜೋಡಿಸಲು ಇದ್ದ ಆಧಾರ ಒಂದೇ, ತಾರೀಖು. ಆ ತಾರೀಖೇ ತಕರಾರು. ಹಳೆಯ ಕಲ್ಲುಗಳ ಮೇಲೆ ನಮ್ಮ ಲೆಕ್ಕದ ಇಸವಿ ಇಲ್ಲ. ಚಕ್ರವರ್ತಿ ಪಟ್ಟಕ್ಕೆ ಬಂದ ಮೇಲೆ ಎಷ್ಟನೆಯ ವರ್ಷ ಎಂದಿದೆ. ಚಕ್ರವರ್ತಿ ಬದಲಾದರೆ ವರ್ಷದ ಹೆಸರು ಬದಲು, ಎಣಿಕೆ ಮತ್ತೆ ಒಂದರಿಂದ.

ಬೇರೆಯವರಾಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರೇನೋ. ನನಗೆ ಇದು ಹೊಸದೆನಿಸಲಿಲ್ಲ. ನನ್ನ ಅಮ್ಮನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನ ಜೂನ್ ಒಂದು. ಅಪ್ಪನದೂ ಜೂನ್ ಒಂದು, ಅತ್ತೆಯದೂ ಜೂನ್ ಒಂದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು ಅದು. ಚಾಮರಾಜನಗರದ ನಮ್ಮಜ್ಜಿಯ ಲೆಕ್ಕದಲ್ಲಿ ಅಮ್ಮ ಹುಟ್ಟಿದ್ದು ವಿಕಾರಿ ಸಂವತ್ಸರದ ಶ್ರಾವಣ ಸೋಮವಾರ, ಸಂಜೆ ಎಮ್ಮೆ ಕರೆಯುವ ಹೊತ್ತು. ಅಷ್ಟು ಖಚಿತವಾದದ್ದನ್ನು ವೀಸಾ ಅರ್ಜಿಯಲ್ಲಿ ಹಾಕಲು ಜಾಗವೇ ಇರಲಿಲ್ಲ.

ಹಾಗಾಗಿ ಖುಷಿಯಿಂದಲೇ ಒಂದು ಪಟ್ಟಿ ಮಾಡಿಕೊಂಡೆ. ಯಾವ ಚಕ್ರವರ್ತಿಯ ಮೊದಲ ವರ್ಷ ಯಾವ ಇಸವಿ, ಅವನು ಎಷ್ಟು ವರ್ಷ ಆಳಿದ ಎಂಬುದನ್ನೆಲ್ಲ ಕಂಪ್ಯೂಟರಿಗೆ ಕಲಿಸಿದೆ. ಕೊನೆಯ ಚಕ್ರವರ್ತಿಯ ವರ್ಷಗಳ ಹೆಸರು ಶ್ವಾನ್‌ತೊಂಗ್. ಅದು ಶುರುವಾದದ್ದು ೧೯೦೯ರಲ್ಲಿ. ೧೯೧೨ರ ಆರಂಭದಲ್ಲಿ ಸಿಂಹಾಸನವೇ ಹೋಯಿತು. ಅಂದರೆ ಮೂರೇ ವರ್ಷ. ಅಲ್ಲಿಂದಾಚೆಗೆ ಗಣರಾಜ್ಯದ ಒಂದನೇ ವರ್ಷ, ಎರಡನೇ ವರ್ಷ. ಎಲ್ಲ ಸಲೀಸಾಗಿ ಹೋಯಿತು, ಒಂದು ಕಲ್ಲನ್ನು ಬಿಟ್ಟು. ಅದರ ಮೇಲೆ ಇದ್ದದ್ದು ಶ್ವಾನ್‌ತೊಂಗ್ ಎಂಟನೆಯ ವರ್ಷ.

“ಮೂರು ಅಂತ ಇದ್ದದ್ದನ್ನ ಯಾರೋ ಎಂಟು ಅಂತ ಓದಿದ್ದಾರೆ. ಅಜ್ಞಾತ ಅಂತ ಹಾಕಿ ಮುಂದೆ ಹೋಗು,” ಅಂದ ಮ್ಯಾನೇಜರ್ ಕ್ರೇಗ್.

ಫೋಟೋ ತೆರೆದು ನೋಡಿದೆ. ಚೀನೀ ಲಿಪಿಯಲ್ಲಿ ಮೂರು ಎಂದರೆ ಮೂರು ಅಡ್ಡಗೆರೆ. ಎಂಟು ಎಂದರೆ ಬೆನ್ನು ತಿರುಗಿಸಿ ಬೇರೆ ಬೇರೆ ಕಡೆಗೆ ಹೊರಟ ಎರಡು ಗೆರೆ. ಒಂದನ್ನು ಇನ್ನೊಂದೆಂದು ಓದಲು ಸಾಧ್ಯವೇ ಇಲ್ಲ. ಕೆತ್ತಿದವನು ಆಳವಾಗಿ, ತಪ್ಪಿಲ್ಲದೆ ಕೆತ್ತಿದ್ದ. ಸಿಂಹಾಸನ ಹೋಗಿ ನಾಲ್ಕೈದು ವರ್ಷವಾದ ಮೇಲೂ ಯಾರೋ ಒಬ್ಬರು ಆ ಚಕ್ರವರ್ತಿಯ ವರ್ಷ ಎಣಿಸುತ್ತಲೇ ಇದ್ದರು, ಚೀನಾದಿಂದ ಸಮುದ್ರದಾಚೆಗಿರುವ ಈ ಊರಿನಲ್ಲಿ. ಯಾರು? ಯಾಕೆ? ಅಜ್ಞಾತ ಎಂದು ಒತ್ತಲು ಬೆರಳು ಬರಲಿಲ್ಲ.

ಸ್ವಯಂಸೇವಕರ ಪಟ್ಟಿಯ ಕೊನೆಯಲ್ಲಿ, ಅನುಮಾನ ಬಂದರೆ ಕೇಳಿ ಎಂದು ಒಬ್ಬರ ಫೋನ್ ನಂಬರಿತ್ತು. ಲಿಯಾಂಗ್ ಅಂಕಲ್ ನನಗೆ ಪರಿಚಯವಾದದ್ದು ಹಾಗೆ. ವಿಷಯ ಹೇಳಿದೆ.

“ಎಂಟನೇ ವರ್ಷನಾ? ಶನಿವಾರ ಬರ್ತೀಯಾ? ಫೋಟೋ ನಂಬಬಾರದು. ಕಲ್ಲನ್ನ ಮುಟ್ಟಿ ನೋಡಬೇಕು,” ಎಂದರು.

ಶನಿವಾರ ಟ್ರಾಮು ಹಿಡಿದು, ಆಮೇಲೆ ಟ್ರೈನು ಹಿಡಿದು ಹೋದೆ. ಮೆಲ್ಬರ್ನಿನ ಜೂನ್ ಗಾಳಿ ನಮ್ಮ ಆಷಾಢದ ಗಾಳಿಯ ಹಾಗೆ ಎಲ್ಲಿ ಸಂದಿ ಸಿಕ್ಕರೆ ಅಲ್ಲಿ ನುಗ್ಗುತ್ತದೆ, ಒಂದೇ ವ್ಯತ್ಯಾಸ, ಇದು ಐಸು ನೆಕ್ಕಿಕೊಂಡು ಬಂದಿರುತ್ತದೆ. ಗೇಟಿನ ಬಳಿ ಚಪ್ಪಟೆ ಟೋಪಿ ಹಾಕಿಕೊಂಡ, ತೆಳ್ಳಗಿನ ಎಪ್ಪತ್ತಾರು ವರ್ಷದ ಮನುಷ್ಯ ನಿಂತಿದ್ದರು. ಅವರು ಹಾಂಗ್‌ಕಾಂಗಿನ ಪತ್ರಿಕೆಯೊಂದರಲ್ಲಿ ಸೀಸದ ಅಚ್ಚಿನ ಮೊಳೆ ಜೋಡಿಸುತ್ತಿದ್ದವರಂತೆ. ಮಗಳ ಜೊತೆ ಇಲ್ಲಿಗೆ ಬಂದು ಮೂವತ್ತು ವರ್ಷವಾಗಿತ್ತು. ನಾನು ಮಿಸ್ಟರ್ ಲಿಯಾಂಗ್ ಎಂದು ಶುರುಮಾಡಿ, ಅರ್ಧ ಗಂಟೆಯಲ್ಲಿ ನಮ್ಮವರ ಅಭ್ಯಾಸದಂತೆ ಅಂಕಲ್‌ಗೆ ಬಂದಿದ್ದೆ.

“ಬೆಳಿಗ್ಗೆ ನನ್ನ ಮೊದಲ ಕೆಲಸ ತಾರೀಖು ಜೋಡಿಸೋದು,” ಎಂದರು ನಡೆಯುತ್ತ. “ನಮ್ಮ ಪತ್ರಿಕೆ ಗಣರಾಜ್ಯದ ವರ್ಷ ಹಾಕ್ತಿತ್ತು. ಎದುರು ಬೀದಿಯ ಕಮ್ಯುನಿಸ್ಟರ ಪತ್ರಿಕೆ ಹಾಕ್ತಿರಲಿಲ್ಲ. ಸುದ್ದಿ ಓದೋದೇ ಬೇಡ, ತಾರೀಖು ನೋಡಿದರೆ ಸಾಕು, ಯಾರು ಯಾರ ಕಡೆ ಅಂತ ಗೊತ್ತಾಗ್ತಿತ್ತು.”

ಕಲ್ಲು ಬೇಲಿಯ ಬದಿಗಿತ್ತು, ನನ್ನ ಮಂಡಿಯೆತ್ತರ. ಬುಡ ಮಣ್ಣಿನಲ್ಲಿ ಹುದುಗಿ ಹುಲ್ಲು ಮುಚ್ಚಿಕೊಂಡಿತ್ತು. ಅಂಕಲ್ ಮೊಣಕಾಲೂರಿ ಕೂತು, ಕೈಗವಸು ತೆಗೆದು, ಅಕ್ಷರಗಳೊಳಗೆ ಬೆರಳಾಡಿಸಿದರು.

“ಎಂಟೇ. ಶ್ವಾನ್‌ತೊಂಗ್ ಎಂಟು, ಏಳನೇ ತಿಂಗಳು, ಹದಿನೈದನೇ ದಿನ. ಹೆಸರು ಲಮ್ ಕ್ವಾಂಗ್.”

“ಆದರೆ ಆ ಚಕ್ರವರ್ತಿ ಮೂರೇ ವರ್ಷ ಆಳಿದ್ದಲ್ವಾ ಅಂಕಲ್?”

ಅವರು ಎದ್ದು ಮಂಡಿಯ ಮಣ್ಣು ಕೊಡವಿದರು. ಕಿತ್ತಳೆ ಹಣ್ಣು ಬಂದದ್ದು ಆಗ. ಹಣ್ಣಿನ ಮೇಲೆ ಆ ತಮಾಷೆ ಮಾಡಿ, ಆಮೇಲೆ ಹೇಳತೊಡಗಿದರು.

“ಕ್ರಾಂತಿಗೆ ಯಾರೂ ಸಿದ್ಧರಾಗಿರಲಿಲ್ಲ, ಗೊತ್ತಾ? ಗುಟ್ಟಾಗಿ ಬಾಂಬ್ ಮಾಡ್ತಿದ್ದರು. ಅದು ಕೈತಪ್ಪಿ ಮೊದಲೇ ಸಿಡಿದುಬಿಟ್ಟಿತು. ಪೊಲೀಸರು ಬಂದರು, ಸದಸ್ಯರ ಪಟ್ಟಿ ಸಿಕ್ಕಿತು. ಪಟ್ಟಿಯಲ್ಲಿ ಸೈನಿಕರ ಹೆಸರೂ ಇತ್ತು. ಹೇಗೂ ನಮ್ಮ ತಲೆ ಹೋಗುತ್ತೆ ಅಂತ ಅವರು ಮಾರನೇ ದಿನವೇ ಬಂದೂಕು ಎತ್ತಿದರು. ಒಂದು ಪ್ರಾಂತ್ಯ ಹೋಯಿತು, ಇನ್ನೊಂದು ಹೋಯಿತು. ನಾಲ್ಕು ತಿಂಗಳಲ್ಲಿ ಎರಡು ಸಾವಿರ ವರ್ಷದ ಅರಸೊತ್ತಿಗೆ ಮುಗಿಯಿತು.”

“ಚಕ್ರವರ್ತಿ ಏನು ಮಾಡಿದ?”

“ಏನು ಮಾಡ್ತಾನೆ? ಅವನಿಗೆ ಆರು ವರ್ಷ.”

ಆರು ವರ್ಷದ ಮಗುವನ್ನು ಯಾರೂ ಕೊಲ್ಲಲಿಲ್ಲವಂತೆ. ಅರಮನೆಯೊಳಗೇ ಇರಲು ಬಿಟ್ಟರು. ಗೋಡೆಯ ಹೊರಗೆ ಗಣರಾಜ್ಯದ ಒಂದು, ಎರಡು, ಮೂರನೆಯ ವರ್ಷ ನಡೆಯುತ್ತಿದ್ದರೆ, ಗೋಡೆಯ ಒಳಗೆ ಆ ಮಗುವಿನ ನಾಲ್ಕು, ಐದು, ಆರನೆಯ ವರ್ಷ ನಡೆಯುತ್ತಿತ್ತು. ಅಷ್ಟು ಸಾಲದು ಎಂಬಂತೆ, ಗಣರಾಜ್ಯದ ಅಧ್ಯಕ್ಷನಾಗಿದ್ದ ಸೇನಾಪತಿಗೆ ತಾನೇ ಚಕ್ರವರ್ತಿಯಾಗುವ ಆಸೆ ಹುಟ್ಟಿ, ಅವನೂ ತನ್ನದೊಂದು ಒಂದನೇ ವರ್ಷ ಶುರುಮಾಡಿದ. ಮೂರು ತಿಂಗಳೂ ನಡೆಯಲಿಲ್ಲ.

“ಅದೇ ಈ ವರ್ಷ. ೧೯೧೬,” ಎಂದು ಅಂಕಲ್ ಕಲ್ಲಿನ ಕಡೆ ಬೆರಳು ತೋರಿಸಿದರು. “ಒಂದೇ ವರ್ಷಕ್ಕೆ ಮೂರು ಹೆಸರು. ಗಣರಾಜ್ಯದ ಐದು, ಸೇನಾಪತಿಯ ಒಂದು, ಹುಡುಗನ ಎಂಟು. ಕಲ್ಲಿಗೆ ಯಾವುದು ಹಾಕಬೇಕು ಅನ್ನೋದನ್ನ ಯಾರೋ ಯೋಚಿಸಿಯೇ ಹಾಕಿದ್ದಾರೆ.”

ಅಷ್ಟರಲ್ಲಿ ಡೊರೊಥಿ ಬಂದಳು. ಮೆಲ್ಬರ್ನಿನಲ್ಲೇ ಹುಟ್ಟಿ ಬೆಳೆದ, ಶಾಲೆಯ ಮೇಡಮ್ಮಾಗಿ ನಿವೃತ್ತಳಾದ, ಎಂಬತ್ತರ ಹತ್ತಿರದ ಹೆಂಗಸು. ಮುಖ ಚೀನೀಯರದು, ಮಾತು ಅಪ್ಪಟ ಆಸ್ಟ್ರೇಲಿಯಾದ್ದು. ಚೀನೀ ಭಾಷೆಯ ಒಂದಕ್ಷರವೂ ಬಾರದು. ರಬ್ಬರ್ ಬೂಟು ಹಾಕಿ, ಬಕೆಟ್ಟಿನಲ್ಲಿ ಕಳೆ ಕೀಳುವ ಸಲಕರಣೆ ಹಿಡಿದು ಪ್ರತಿ ಶನಿವಾರ ಬರುತ್ತಿದ್ದಳು. ಈ ಮೂಲೆಯನ್ನು ನೋಡಿಕೊಳ್ಳುವ ಸ್ವಯಂಸೇವಕರ ಗುಂಪಿಗೆ ಅವಳೇ ಯಜಮಾನಿ. ಪೂರ್ತಿ ಹೆಸರು ಡೊರೊಥಿ ಹಿಂಗ್. ಆಮೇಲೆ ಗಿರೀಶನಿಗೆ ಹೇಳಿದಾಗ, “ಹಿಂಗಾ? ಸಾಂಬಾರಿಗೆ ಹಾಕೋ ಇಂಗಾ?” ಎಂದು ಅರ್ಧ ನಿಮಿಷ ನಕ್ಕಿದ್ದ.

ಅವಳ ಅಜ್ಜ ಜಾರ್ಜ್ ಹಿಂಗ್ ನಾಲ್ಕು ಸಾಲು ಆಚೆಗೆ, ನುಣುಪಾದ ಕಪ್ಪು ಕಲ್ಲಿನ ಕೆಳಗಿದ್ದ. ಮರದ ಬೀರು, ಮೇಜು ಮಾಡುವ ವರ್ಕ್‌ಶಾಪ್ ಇಟ್ಟಿದ್ದವನು. ಇಲ್ಲಿನ ಚೀನೀಯರಲ್ಲಿ ಕ್ರಾಂತಿಯ ಪರ ನಿಂತ ಮೊದಲಿಗರಲ್ಲಿ ಒಬ್ಬ. ಈ ಮೂಲೆಯ ಕಾಲುದಾರಿಗೆ ಒಂದು ಫಲಕ ನಿಲ್ಲಿಸುವುದೆಂದೂ, ಗಣರಾಜ್ಯವನ್ನು ಬೆಂಬಲಿಸಿದ ಇಲ್ಲಿನ ಹಿರಿಯರನ್ನು ಅದರಲ್ಲಿ ನೆನೆಯುವುದೆಂದೂ ಡೊರೊಥಿ ನಾಲ್ಕು ವರ್ಷದಿಂದ ಓಡಾಡಿದ್ದಳು. ಬರಹ ಸಿದ್ಧವಾಗಿ, ಎರಡು ವಾರದಲ್ಲಿ ಅಚ್ಚಿಗೆ ಹೋಗುವುದಿತ್ತು.

“ನಮ್ಮ ತಾತನ ಕಥೆ ಗೊತ್ತಾ ನಿನಗೆ?” ಎಂದು ನನ್ನನ್ನು ಕೇಳಿದಳು. ಹೇಳುವ ಮೊದಲೇ ಅವಳಿಗೆ ನಗು. “ಚಕ್ರವರ್ತಿಯ ಕಾಲದಲ್ಲಿ ಗಂಡಸರೆಲ್ಲ ಹಿಂದೆ ಉದ್ದ ಜಡೆ ಬಿಡಬೇಕಿತ್ತಲ್ಲ, ವಿಧೇಯತೆಯ ಗುರುತು. ಚಕ್ರವರ್ತಿ ಇಳಿದ ಅಂತ ತಂತಿ ಸುದ್ದಿ ಬಂದ ದಿನ ತಾತ ಮರಗೆಲಸದ ಬೆಂಚಿನ ಮೇಲೆ ಹತ್ತಿ ನಿಂತು ತನ್ನ ಜಡೆ ತಾನೇ ಕತ್ತರಿಸಿಕೊಂಡರು. ಅಷ್ಟಕ್ಕೇ ಬಿಡಲಿಲ್ಲ. ಅವರ ಬ್ರದರ್ ಅಲ್ಲೇ ಮರದ ಹೊಟ್ಟಿನ ಮೂಟೆಗೆ ಒರಗಿ ಮಧ್ಯಾಹ್ನದ ನಿದ್ದೆ ತೆಗೀತಿದ್ದ, ಅವನು ಚಕ್ರವರ್ತಿಯ ಕಡೆಯವನು. ಕಚಕ್ ಅಂತ ಅವನದೂ ಕತ್ತರಿಸಿಬಿಟ್ಟರು! ಎದ್ದು ತಲೆ ಮುಟ್ಟಿಕೊಂಡು ಅವನು ಹೌಹಾರಿದ್ದನ್ನ ನಮ್ಮಪ್ಪ ಅಭಿನಯ ಮಾಡಿ ತೋರಿಸ್ತಿದ್ದರು. ಪ್ರತಿ ಕ್ರಿಸ್‌ಮಸ್‌ಗೂ ಈ ಕಥೆ ಆಗಲೇಬೇಕು.”

ನಾನೂ ನಕ್ಕೆ. ಅಂಕಲ್ ನಗಲಿಲ್ಲ.

“ಆಮೇಲೆ ಆ ಬ್ರದರ್ ಏನಾದರು?” ಎಂದೆ.

“ಸಿಟ್ಟು ಮಾಡಿಕೊಂಡು ಸಿಡ್ನಿಗೆ ಹೋದ. ಅಲ್ಲಿಂದ ಹಡಗು ಹತ್ತಿ ಚೀನಾಕ್ಕೆ. ಹೆಸರೂ ಗೊತ್ತಿಲ್ಲ ನಮಗೆ.”

ಬೇಲಿಯ ಬದಿಯ ಕಲ್ಲಿನ ವಿಷಯ ಹೇಳಿದಾಗ ಅವಳ ಮುಖ ಗಂಭೀರವಾಯಿತು. “ಸುಮ್ಮನೆ ೧೯೧೬ ಅಂತ ದಾಖಲಿಸು ವೀಣಾ, ಸಾಕು. ಚಕ್ರವರ್ತಿಯ ವರ್ಷ ಅಂತೆಲ್ಲ ಬೇಡ. ಯಾರೋ ಒಬ್ಬ ಹಟಮಾರಿಯಿಂದ ನಮ್ಮವರೆಲ್ಲ ಹಳೇ ಕಾಲಕ್ಕೆ ಅಂಟಿಕೊಂಡಿದ್ದರು ಅಂತ ಓದಿದವರು ತಿಳೀಬಾರದು.”

“ಕಲ್ಲಿನ ಮೇಲೆ ಏನಿದೆಯೋ ಅದನ್ನೇ ಬರೀಬೇಕು,” ಎಂದರು ಅಂಕಲ್, ಮೆಲ್ಲಗೆ. “ನಾನು ಅಚ್ಚಿನ ಮೊಳೆ ಜೋಡಿಸಿದವನು. ಬೇರೆಯವರ ತಾರೀಖು ತಿದ್ದೋದು ನಮ್ಮ ಕೆಲಸ ಅಲ್ಲ.”

“ಅವರು ಹಟಮಾರಿಗಳೇ ಆಗಿದ್ದರಾ ಅಂಕಲ್?” ಎಂದು ನಡುವೆ ಬಾಯಿಹಾಕಿದೆ, ಇಬ್ಬರ ಬಿಗುವು ಸಡಿಲಿಸಲೆಂದು.

“ಎಲ್ಲರೂ ಅಲ್ಲ. ಚಕ್ರವರ್ತಿಯೂ ಇರಲಿ, ಪಾರ್ಲಿಮೆಂಟೂ ಇರಲಿ ಅನ್ನೋರು ಬಹಳ ಜನ ಇದ್ದರು. ಈ ದೇಶ ಇವತ್ತಿಗೂ ಹಾಗೇ ಇದೆಯಲ್ಲ.” ಇಲ್ಲಿನ ನಾಣ್ಯದ ಮೇಲಿನ ರಾಣಿಯ ಮುಖ ನನಗೆ ನೆನಪಾಯಿತು. ಗಣರಾಜ್ಯದಲ್ಲಿ ಹುಟ್ಟಿದ ನಾನು ಅರ್ಜಿ ಹಾಕಿ, ಪರೀಕ್ಷೆ ಬರೆದು, ಒಂದು ರಾಜಮುಕುಟದ ಕೆಳಗಿನ ದೇಶಕ್ಕೆ ಬಂದು ಸೇರಿದವಳು. ಯೋಚಿಸಿಯೇ ಇರಲಿಲ್ಲ.

ಡೊರೊಥಿ ಬಕೆಟ್ಟು ಎತ್ತಿಕೊಂಡು ತಾತನ ಸಾಲಿಗೆ ಹೊರಟುಹೋದಳು. ಅಂಕಲ್ ಆ ಕಪ್ಪು ಕಲ್ಲನ್ನು ದೂರದಿಂದ ತೋರಿಸಿ ನನಗೊಂದು ವಿಷಯ ಹೇಳಿದರು. ಚೀನೀಯರಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಹಿಂಗ್ ಎಂಬುದು ಮನೆತನವಲ್ಲ, ಅಜ್ಜನ ಸ್ವಂತ ಹೆಸರು. ಬಂದರಿನ ಗುಮಾಸ್ತ ಕೊನೆಯದನ್ನು ಮನೆತನವೆಂದು ಬರೆದುಕೊಂಡ, ಮಕ್ಕಳು ಮೊಮ್ಮಕ್ಕಳೆಲ್ಲ ಹಿಂಗ್ ಆದರು. ಚೀನೀ ಅಕ್ಷರದಲ್ಲಿ ಅವನ ಹೆಸರು ಲಮ್ ಹಿಂಗ್.

“ಲಮ್! ಅಂದರೆ ಈ ಲಮ್ ಕ್ವಾಂಗ್…”

“ಆತುರ ಬೇಡ. ಒಂದು ಊರಲ್ಲೇ ನೂರು ಜನ ಲಮ್ ಇರ್ತಾರೆ.”

ಸೋಮವಾರ ಆಫೀಸಿನಲ್ಲಿ ಕೂತು, ‘ಮೂರೇ ವರ್ಷ’ ಎಂದು ನಾನೇ ಬರೆದಿದ್ದ ನಿಯಮವನ್ನು ಅಳಿಸಿದೆ. ಏಳನೇ ತಿಂಗಳ ಹದಿನೈದನೇ ದಿನ ನಮ್ಮ ಲೆಕ್ಕಕ್ಕೆ ಆ ವರ್ಷದ ಆಗಸ್ಟ್ ತಿಂಗಳ ಹುಣ್ಣಿಮೆಯ ಸುಮಾರಿಗೆ ಬರುತ್ತಿತ್ತು. ರಿಜಿಸ್ಟರಿನ ಆ ವಾರದಲ್ಲಿ ಚೀನೀ ಹೆಸರು ಒಂದೇ ಒಂದು: ಆ ಕ್ವಾಂಗ್, ಬಡಗಿ. ಕೊನೆಗೆ ಇದ್ದ ವಿಳಾಸವೆಂದು ನಗರದ ಹಳೆಯ ಗಲ್ಲಿಯೊಂದರ ಮನೆ ನಂಬರಿತ್ತು. ಅದೇ ವಿಳಾಸ ಬೇರೆಲ್ಲಾದರೂ ಬಂದಿದೆಯೇ ಎಂದು ಇಡೀ ರಿಜಿಸ್ಟರಿನಲ್ಲಿ ಹುಡುಕಿದೆ. ಇನ್ನೊಂದು ಸಿಕ್ಕಿತು. ಅದಕ್ಕಿಂತ ಎರಡು ವರ್ಷ ಹಿಂದಿನದು, ಹತ್ತು ದಿನದ ಹೆಣ್ಣುಕೂಸು. ತಂದೆಯ ಹೆಸರು ಜಾರ್ಜ್ ಹಿಂಗ್.

ಕೂಸನ್ನು ಕಳೆದುಕೊಂಡ ಮನೆ ಅದು. ಡೊರೊಥಿ ಹೇಳಿದವನು ಇವನೇ ಆಗಿದ್ದರೆ, ಸಿಡ್ನಿಗೆ ಹೋದ ಮನುಷ್ಯ ಯಾವಾಗಲೋ ಆ ಮನೆಗೇ ವಾಪಸು ಬಂದಿದ್ದ. ಅಲ್ಲೇ ಪ್ರಾಣ ಬಿಟ್ಟಿದ್ದ.

ಆದರೂ ಅಂಕಲ್ಲಿನ ಮಾತು ನೆನಪಿತ್ತು, ಆತುರ ಬೇಡ. ಬಡಗಿಗಳ ವರ್ಕ್‌ಶಾಪಿನಲ್ಲಿ ಚೀನಾದ ಅದೇ ಊರಿನಿಂದ ಬಂದ ಆಳುಗಳೂ ವಾಸವಿರುತ್ತಿದ್ದರು. ಸ್ವಯಂಸೇವಕರ ಪಟ್ಟಿಯನ್ನು ಮತ್ತೆ ತೆರೆದೆ. ‘ಕಲ್ಲು ನಿಲ್ಲಿಸಿದವರು’ ಎಂಬಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಬ್ರದರ್, ಉಳಿದದ್ದು ಮಣ್ಣಿನಡಿ, ಓದಲಾಗದು.

ನೂರು ಸಲ ಕಣ್ಣಾಡಿಸಿದ್ದರೂ ಆ ‘ಬ್ರದರ್’ ನನ್ನನ್ನು ತಡೆದದ್ದು ಆಗಲೇ. ಅಂಕಲ್ಲಿಗೆ ಫೋನ್ ಮಾಡಿದೆ.

“ಅಂಕಲ್, ಬ್ರದರ್ ಅಂದರೆ ದೊಡ್ಡವನೋ, ಚಿಕ್ಕವನೋ? ಚೀನೀ ಭಾಷೆಯಲ್ಲಿ ಎರಡಕ್ಕೂ ಒಂದೇ ಶಬ್ದನಾ?”

“ಒಂದೇ ಹೇಗಿರುತ್ತೆ? ಬೇರೆ ಬೇರೆ. ಆದರೆ ಆ ಕಲ್ಲಲ್ಲಿ ಮೇಲೆ ಕಾಣೋದು ಒಂದೇ ಹೊಟ್ಟೆಯವರು ಅನ್ನೋ ಅಕ್ಷರ ಮಾತ್ರ, ದೊಡ್ಡವನೋ ಚಿಕ್ಕವನೋ ಅನ್ನೋದು ಮಣ್ಣಲ್ಲಿದೆ,” ಎಂದರು. ಆಮೇಲೆ ನಕ್ಕರು. “ಮೂವತ್ತು ವರ್ಷದಲ್ಲಿ ಈ ಪ್ರಶ್ನೆ ಕೇಳಿದವಳು ನೀನೇ ಮೊದಲು.”

“ನಮ್ಮಲ್ಲೂ ಬೇರೆ ಬೇರೆ. ಅಣ್ಣ, ತಮ್ಮ.”

ಆ ದಿನ ವಿಡಿಯೋ ಕಾಲ್‌ನಲ್ಲಿ ಮಗಳಿಗೂ ಒಂದು ಪ್ರಶ್ನೆ ಹಾಕಿದೆ. “ಇಂಚರಾ, ತಾತನ ಅಣ್ಣನ್ನ ಏನಂತ ಕರೀತಾರೆ ಹೇಳು?” ಅವಳು ಕಣ್ಣು ಮೇಲೆ ಮಾಡಿ ಯೋಚಿಸಿ, “ಅಂಕಲ್?” ಅಂದಳು. “ದೊಡ್ಡ ತಾತ ಕಣೇ,” ಅಂದ ಗಿರೀಶ ಹಿಂದಿನಿಂದ, ಚಪಾತಿ ಲಟ್ಟಿಸುತ್ತ. “ಬಟ್ ಹೀ ಈಸ್ ವೆರಿ ಶಾರ್ಟ್,” ಅಂದಳು ಅವಳು. ನಮ್ಮ ಮಾವನವರ ಅಣ್ಣ ನಿಜಕ್ಕೂ ಕುಳ್ಳಗಿದ್ದಾರೆ.

ವಿಳಾಸದ ವಿಷಯ ಡೊರೊಥಿಗೆ ಹೇಳುವುದೋ ಬೇಡವೋ ಎಂದು ಎರಡ್ಮೂರು ದಿನ ಒದ್ದಾಡಿದೆ. ಫಲಕ ಅಚ್ಚಿಗೆ ಹೋಗಿಬಿಟ್ಟರೆ ಎಲ್ಲ ಸುಮ್ಮನಾಗುತ್ತಿತ್ತು. ನನ್ನ ಕಾಂಟ್ರ್ಯಾಕ್ಟು ನಾಲ್ಕು ತಿಂಗಳದು, ಅವಳ ಬದುಕು ಇಡೀ ಈ ಊರಿನದು. ಎಂಬತ್ತು ವರ್ಷ ಒಂದು ಮನೆ ನಗುನಗುತ್ತ ಹೇಳಿದ ಕಥೆಗೆ ಕೈಹಾಕಲು ನಾನು ಯಾರು? ಆದರೆ ಆ ಕೂಸು ಅವಳಿಗೆ ಸೋದರತ್ತೆಯಾಗಬೇಕಿತ್ತು. ಅದನ್ನು ನಾನೊಬ್ಬಳೇ ತಿಳಿದುಕೊಂಡು ಕೂರುವುದೂ ಸರಿಯೆನಿಸಲಿಲ್ಲ. ಗುರುವಾರ ಮಧ್ಯಾಹ್ನ ಫೋನ್ ಮಾಡಿ ಕೂಸಿನ ವಿಷಯ, ಕಲ್ಲಿನ ಬುಡದಲ್ಲಿ ಮಣ್ಣಿನಡಿ ಉಳಿದ ಅಕ್ಷರಗಳ ವಿಷಯ ಹೇಳಿ, ಗಲ್ಲಿಯ ಹೆಸರು, ಮನೆ ನಂಬರು ಓದಿದೆ.

“ಅದು ನಮ್ಮ ವರ್ಕ್‌ಶಾಪ್,” ಎಂದಳು. ಆಮೇಲೆ, “ಶನಿವಾರ ನನ್ನ ಸಲಿಕೆ ತರ್ತೀನಿ,” ಎಂದಳು.

ಆ ಶನಿವಾರ ಮಳೆ ನಿಂತು ಬಿಸಿಲಿತ್ತು. ನೆಲ ಮಾತ್ರ ನೆನೆದ ಅವಲಕ್ಕಿಯ ಹಾಗೆ ಮೆತ್ತಗಿತ್ತು. ಡೊರೊಥಿ ಯಾರಿಗೂ ಸಲಿಕೆ ಕೊಡಲಿಲ್ಲ. ತಾನೇ ಮಂಡಿಯೂರಿ ಹುಲ್ಲು ಸೀಳಿ, ಕೈಯಗಲ ಮಣ್ಣು ತೆಗೆದಳು. ನಾನು ಬಾಟಲಿಯಿಂದ ನೀರು ಹೊಯ್ದೆ. ಮೇಲಿಂದ ಕೆಳಕ್ಕೆ ಕೆತ್ತಿದ್ದ ಎಡಗಡೆಯ ಸಾಲಿನ ಕೆಳಗೆ, ನೂರು ವರ್ಷ ಗಾಳಿ ಬಿಸಿಲು ಕಾಣದ ನಾಲ್ಕು ಅಕ್ಷರ ನಿನ್ನೆ ಕೆತ್ತಿದಷ್ಟು ಚೂಪಾಗಿ ಎದ್ದವು.

ಅಂಕಲ್ ಬಗ್ಗಿ ನೋಡಿದರು. ಓದಲು ಅಷ್ಟು ಹೊತ್ತು ಬೇಕಿರಲಿಲ್ಲ, ಆದರೂ ಹೊತ್ತು ತೆಗೆದುಕೊಂಡರು.

“ಹೇಳಿ, ಏನಿದೆ?” ಎಂದಳು ಡೊರೊಥಿ.

“ಒಂದೇ ಹೊಟ್ಟೇಲಿ ಹುಟ್ಟಿದ ತಮ್ಮ ಹಿಂಗ್, ಅಳುತ್ತಾ ನಿಲ್ಲಿಸಿದ್ದು.”

ಒಡಹುಟ್ಟಿದ ತಮ್ಮ. ಇಂಗ್ಲಿಷಿನಲ್ಲಿ ಅಷ್ಟುದ್ದ ಬಿಡಿಸಿ ಹೇಳಬೇಕಾದದ್ದು ನನಗೆ ಎರಡೇ ಶಬ್ದದಲ್ಲಿ ಅರ್ಥವಾಯಿತು. ನಿದ್ದೆಯಲ್ಲಿದ್ದ ಅಣ್ಣನ ಜಡೆ ಕತ್ತರಿಸಿದ್ದು ತಮ್ಮ. ಚಕ್ರವರ್ತಿಗಳ ಕಾಲ ಮುಗಿಯಿತೆಂದು ಬೆಂಚು ಹತ್ತಿ ನಿಂತವನು ತಮ್ಮ. ಅದೇ ತಮ್ಮ ಕಲ್ಲುಕುಟಿಗನ ಮುಂದೆ ನಿಂತು, ಗಣರಾಜ್ಯದ ಐದನೆಯ ವರ್ಷ ಎಂದು ಬರೆಸಬಹುದಾಗಿದ್ದ ಜಾಗದಲ್ಲಿ, ಅಣ್ಣ ಒಪ್ಪುವಂಥ ವರ್ಷ ಬರೆಸಿದ್ದ. ಆ ವರ್ಷವನ್ನು ಅವನ ಗೆಳೆಯರು ನೋಡಿರುವುದಿಲ್ಲವೇ? ಏನಂದರೋ, ಅವನೇನು ಉತ್ತರ ಕೊಟ್ಟನೋ. ಅಣ್ಣ ಸಿಡ್ನಿಯಲ್ಲಿ ಎಲ್ಲಿದ್ದ, ಕಾಯಿಲೆ ಬಿದ್ದು ಬಂದನೋ, ತಮ್ಮನೇ ಹೋಗಿ ಕರೆತಂದನೋ, ಸಾಯುವ ಮೊದಲು ಇಬ್ಬರೂ ಮಾತಾಡಿದರೋ ಇಲ್ಲವೋ, ಅದ್ಯಾವುದೂ ನಮಗೆ ಗೊತ್ತಾಗಲಿಲ್ಲ. ಪ್ಯಾರಮಟ್ಟಾಕ್ಕೆ ವಾಪಸಾದ ಮೇಲೂ ಸಿಡ್ನಿಯ ಹಳೆಯ ಪಟ್ಟಿಗಳಲ್ಲಿ ಲಮ್ ಕ್ವಾಂಗನನ್ನು ಹುಡುಕಿದೆ. ಸಿಗಲಿಲ್ಲ.

ಡೊರೊಥಿ ಒದ್ದೆ ನೆಲದಲ್ಲೇ ಕೂತುಬಿಟ್ಟಳು. “ಪ್ರತಿ ಕ್ರಿಸ್‌ಮಸ್‌ಗೂ,” ಎಂದಳು. “ಪ್ರತಿ ಕ್ರಿಸ್‌ಮಸ್‌ಗೂ ನಾವು ಹೊಟ್ಟೆ ಹಿಡ್ಕೊಂಡು ನಗ್ತಿದ್ವಿ.”

ಅಂಕಲ್ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. “ನಿಮ್ಮ ತಾತ ಆ ಕಥೇನ ತಾವೇ ಹೇಳಿದ್ದನ್ನ ಯಾರಾದರೂ ಕೇಳಿದ್ದೀರಾ?”

ಅವಳು ಯೋಚಿಸಿದಳು. “ಇಲ್ಲ. ಅಪ್ಪ ಹೇಳ್ತಿದ್ದರು. ತಾತ ಆ ಹೊತ್ತಿಗೆ ಎದ್ದು ಹೊರಗೆ ಹೋಗಿಬಿಡ್ತಿದ್ದರು ಅಂತ ಅಮ್ಮ ಒಮ್ಮೆ ಅಂದಿದ್ದಳು.”

ಫಲಕದ ಕೆಲಸವನ್ನು ಅವಳು ಸೋಮವಾರವೇ ನಿಲ್ಲಿಸಿದಳು. ಅದು ಮೂರು ತಿಂಗಳು ತಡವಾಗಿ, ಅಲ್ಲಿನ ವಸಂತವಾದ ಅಕ್ಟೋಬರಿನಲ್ಲಿ ನಿಂತಿತು. ಗಣರಾಜ್ಯ ಬಯಸಿದವರೂ ಚಕ್ರವರ್ತಿಯನ್ನು ಬಯಸಿದವರೂ ಇಲ್ಲಿದ್ದಾರೆ, ಕೆಲವರು ಒಂದೇ ಮನೆಯವರು ಎಂಬ ಸಾಲು ಅದರಲ್ಲಿದೆ. ಜಡೆಯ ಕಥೆ ಇಲ್ಲ. ಅದನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ ಎಂದಳು. ನಾನು ಕ್ರೇಗ್‌ನ ತಲೆ ತಿಂದು, ದಾಖಲೆಯಲ್ಲಿ ಇಸವಿಯ ಪಕ್ಕಕ್ಕೆ ‘ಕಲ್ಲಿನ ಮೇಲೆ ಇರುವಂತೆ’ ಎಂದು ಇನ್ನೊಂದು ಅಂಕಣ ಮಾಡಿಸಿದೆ. “ಒಂದು ಕಲ್ಲಿಗೋಸ್ಕರನಾ?” ಎಂದು ಗೊಣಗಿದವನು, ಕೆಲಸ ಮುಗಿದ ಮೇಲೆ ತನ್ನ ಸ್ಕಾಟಿಷ್ ಮುತ್ತಜ್ಜಿಯ ಕಲ್ಲಿನ ಮೇಲೇನಿದೆ ಎಂದು ತಾನೇ ಹುಡುಕುತ್ತ ಕೂತಿದ್ದನ್ನು ನೋಡಿದೆ.

ಆದರೆ ಆ ಶನಿವಾರ, ಹೊರಡುವ ಮುಂಚೆ, ಡೊರೊಥಿ ಬಕೆಟ್ಟಿನ ನೀರಿನಲ್ಲಿ ಬಟ್ಟೆ ಅದ್ದಿ ಕಲ್ಲನ್ನು ಮೇಲಿಂದ ಕೆಳಗಿನವರೆಗೆ ಒರೆಸಿದಳು. ಆಮೇಲೆ ಅಂಕಲ್ ಕಡೆ ತಿರುಗಿದಳು.

“ನನಗೆ ಇವರು ಏನಾಗಬೇಕು? ಗ್ರೇಟ್ ಅಂಕಲ್ ಅಲ್ಲ. ನಿಮ್ಮ ಭಾಷೆಯಲ್ಲಿ ಏನಂತ ಕರೀಬೇಕು?”

“ಬಾಕ್ ಕುಂಗ್,” ಎಂದರು ಅಂಕಲ್. “ತಂದೆಯ ತಂದೆಯ ಅಣ್ಣ.”

“ಬಾಕ್ ಕುಂಗ್.”

“ಅಲ್ಲ. ಕುಂಗ್ ಅನ್ನುವಾಗ ದನಿ ಮೇಲಿರಬೇಕು. ಹಾಗೇ ನಿಲ್ಲಬೇಕು.”

ಅವಳು ಮತ್ತೆ ಹೇಳಿದಳು. ಅಂಕಲ್ ತಲೆಯಾಡಿಸಿದರು. ನಾನೂ ಮನಸ್ಸಿನಲ್ಲೇ ಹೇಳಿ ನೋಡಿದೆ, ನನಗೂ ಬರಲಿಲ್ಲ. ಮೂರನೆಯ ಸಲ ಅವಳು ನಮ್ಮಿಬ್ಬರ ಕಡೆ ನೋಡದೆ, ಕಲ್ಲಿನ ಎದುರಿಗೆ ನೇರ ನಿಂತು, ಕ್ಲಾಸಿನಲ್ಲಿ ಹಾಜರಿ ಕೂಗುವ ಮೇಡಮ್ಮಿನ ದನಿಯಲ್ಲಿ ಗಟ್ಟಿಯಾಗಿ ಕರೆದಳು. “ಬಾಕ್ ಕುಂಗ್!”

“ಈಗ ಸರಿಯಾಯ್ತಾ?”

“ಇಲ್ಲ,” ಎಂದರು ಲಿಯಾಂಗ್ ಅಂಕಲ್. ಟೋಪಿ ತೆಗೆದು ಕಲ್ಲಿಗೆ ಮೂರು ಸಲ ತಲೆಬಾಗಿಸಿ, ಮತ್ತೆ ಹಾಕಿಕೊಂಡರು. “ಪರವಾಗಿಲ್ಲ ಬಿಡು. ಅವರೂ ಆಸ್ಟ್ರೇಲಿಯಾದಲ್ಲಿ ಬಹಳ ವರ್ಷ ಇದ್ದವರು. ಅರ್ಥ ಮಾಡ್ಕೋತಾರೆ.”